ಎರಡೂ ಜಿಪ್ಸಿನೇ ಅಲ್ವಾ ಅಂದವನು ನಾನೇ

ಕೂರಲ್ಲ. ನನ್ನ ಮಾರುತಿ ಜಿಪ್ಸಿ ಜೀಪಿಗೆ ಅಂತ ಹದಿನೆಂಟು ಸಾವಿರ ಕೊಟ್ಟು, ಬಾಡಿಗೆ ಪಿಕಪ್‌ನಲ್ಲಿ ಹೇರಿಸ್ಕೊಂಡು ಮೈಸೂರಿಂದ ತಂದ ಗುಜರಿ ಗೇರ್ ಬಾಕ್ಸು, ಕೂರಲ್ಲ!

ಫೋನಲ್ಲಿ ಎರಡೆರಡು ಸಲ ಹೇಳಿದ್ದೆ, ನಂದು ಹಳೇದು, 970 ಸಿಸಿ, ನಾಲ್ಕು ಗೇರಿಂದು ಅಂತ. "ಜಿಪ್ಸಿ ತಾನೆ ಸಾರ್? ಕಣ್ಮುಚ್ಚಿ ತಗೊಂಡ್ಹೋಗಿ" ಅಂದ ಗುಜರಿಯವನು. ನಿಜವಾಗ್ಲೂ ಕಣ್ಮುಚ್ಚಿದೆ. ಬಂದಿದ್ದು ಆಮೇಲಿನ ಮಾಡೆಲ್ ಜಿಪ್ಸಿ ಕಿಂಗ್‌ದು, 1298 ಸಿಸಿ ಇಂಜಿನ್‌ಗೆ ಮಾಡಿದ ಐದು ಗೇರಿನ ಬಾಕ್ಸು. ಒಂದು ಗೇರ್ ಜಾಸ್ತಿ ಸಿಕ್ತು ಅಂತ ಖುಷಿ ಬೇರೆ ಪಟ್ಟೆ, ಮುಠ್ಠಾಳ.

ಗೋಣಿಕೊಪ್ಪದ ಗ್ಯಾರೇಜಲ್ಲಿ ಹೊರಗಡೆ ಮಳೆ, ಒಳಗಡೆ ಜನ. ಇಬ್ಬರು ಹುಡುಗರು ಜಾಕ್ ಮೇಲಿಟ್ಟು ಅರ್ಧ ಗಂಟೆ ಎತ್ತಿದ್ರು, ಇಳಿಸಿದ್ರು, ತಿರುಗಿಸಿದ್ರು. ಆಮೇಲೆ ಮೆಕ್ಯಾನಿಕ್ ಈಚೆ ಬಂದು ಕೈ ಒರೆಸ್ಕೊಂಡು ಮೆತ್ತಗೆ, "ಅಣ್ಣಾ, ನೀವೇ ಒಂದ್ಸಲ ನೋಡಿ" ಅಂದ. ಗೋಣಿ ಹಾಸಿ ಮಲಗಿ ಟಾರ್ಚ್ ಬಿಟ್ಟೆ. ಬಾಕ್ಸನ್ನ ಇಂಜಿನ್ನಿಗೆ ಸೇರಿಸೋ ಬೆಲ್ ಹೌಸಿಂಗ್‌ನ ಬೋಲ್ಟ್ ತೂತಿನೊಳಗೆ ಇಣುಕಿದ್ರೆ ಅರ್ಧ ಕತ್ತಲೆ, ಇನ್ನರ್ಧ ಬ್ಲಾಕಿನ ಕಬ್ಬಿಣ. ಪಕ್ಕದ್ದರಲ್ಲಿ ಬರೀ ಕಬ್ಬಿಣ. ತೂತಿಗೆ ತೂತು ಸೇರಲ್ಲ.

ತೋಟದ ರೈಟರೂ ಬಗ್ಗಿ ನೋಡಿದ್ರು. "ಎರಡು ಬೋಲ್ಟ್ ಹಾಕಿ ಮೆಲ್ಲಗೆ ಓಡಿಸಿದ್ರೆ ಆಗಲ್ವಾ?" ಎಲ್ಲರೂ ನಕ್ಕರು. ಪಂಕ್ಚರ್‌ಗೆ ಕಾಯ್ತಿದ್ದ ಯಾರೋ, "ಮಾರುತಿ ಎಸ್ಟೀಮ್ ಕಾರಿಂದು ಹಾಕಿ, ಅದೂ 1.3 ಲೀಟರ್ ಇಂಜಿನ್ನೇ ತಾನೆ" ಅಂದ. ಮಲಗಿದ್ದಲ್ಲೇ ನಂಗೆ ಪಾಂಡಿತ್ಯ ಉಕ್ಕಿ ಬಂತು. ಎಸ್ಟೀಮಲ್ಲಿ ಇಂಜಿನ್ ಅಡ್ಡ ಕೂರುತ್ತೆ, ಮುಂದಿನ ಚಕ್ರ ತಿರುಗಿಸೋ ಬಾಕ್ಸು, ನಮ್ಮದು ಉದ್ದಕ್ಕೆ, ಇಂಜಿನ್ ಒಂದೇ ಜಾತಿ ಆದ್ರೂ ಬಾಕ್ಸ್ ಬೇರೆ... ಎಲ್ಲಾ ಕೇಳಿಸ್ಕೊಂಡು ಸ್ಪ್ಯಾನರ್ ಹಿಡಿದ ಹುಡುಗ, ಮೀಸೆನೂ ಸರಿಯಾಗಿ ಬಂದಿಲ್ಲ ಅವನಿಗೆ, ಕೇಳ್ತಾನೆ:

"ಇಷ್ಟೆಲ್ಲಾ ಗೊತ್ತಿದ್ದೂ ಇದನ್ನ ಹೆಂಗೆ ತಂದ್ರಿ ಅಣ್ಣಾ?"

ಮೂರು ದಿನ ಆಯ್ತು. ಹಲ್ಲುಜ್ಜುವಾಗಲೂ ಅದೇ ಕೇಳಿಸುತ್ತೆ.

ಒಂದು ರಟ್ಟು ಸಾಕಿತ್ತು ಸ್ವಾಮಿ. ಇಂಜಿನ್ ಹಿಂಭಾಗಕ್ಕೆ ಒತ್ತಿ ಹಿಡಿದು, ಬೋಲ್ಟ್ ತೂತು, ಎರಡನ್ನೂ ನೇರಕ್ಕೆ ಕೂರಿಸೋ ಡೋವೆಲ್ ಪಿನ್ ಎಲ್ಲಿದೆಯೋ ಅಲ್ಲಿ ಬೆರಳಲ್ಲಿ ಅಚ್ಚು ತೆಗೆದು ಗುಜರಿಗೆ ಒಯ್ದಿದ್ರೆ ಅಲ್ಲೇ ಗೊತ್ತಾಗ್ತಿತ್ತು. ಇದನ್ನ ಬೇರೆಯವರಿಗೆ ಹೇಳಿಕೊಟ್ಟವನೂ ನಾನೇ. ಹಾಗಂತ ಗುಜರಿಯವನದ್ದು ತಪ್ಪಿಲ್ವಾ? ದಿನಾ ಇದನ್ನೇ ಮಾರೋನಿಗೆ ಗೊತ್ತಿಲ್ದೆ ಇರುತ್ತಾ? ನಿನ್ನೆ "ನೋಡ್ಕೊಂಡು ತಗೋಬೇಕಿತ್ತು" ಅಂದ. ಇವತ್ತು ಫೋನೇ ಎತ್ತಲ್ಲ. ಹೋಗ್ಲಿ ಬಿಡಿ, ದುಡ್ಡು ಹೋಯ್ತು. ಇಲ್ಲ, ಬಿಡಲ್ಲ, ಸೋಮವಾರ ಅಂಗಡಿ ಮುಂದೇನೇ ನಿಲ್ತೀನಿ.

ಇಂಜಿನ್ನಿಗೂ ಬಾಕ್ಸಿಗೂ ಮಧ್ಯಕ್ಕೊಂದು ಪ್ಲೇಟ್ ಲೇತಲ್ಲಿ ಮಾಡಿಸು ಅಂತ ಹೇಳೋರು ದಯವಿಟ್ಟು ಸುಮ್ನಿರಿ. ಪ್ಲೇಟ್ ದಪ್ಪದಷ್ಟು ಬಾಕ್ಸ್ ಹಿಂದೆ ಹೋಗುತ್ತೆ, ಬಾಕ್ಸಿನ ಶಾಫ್ಟ್ ತುದಿ ಇಂಜಿನ್ ಹಿಂದಿರೋ ಪೈಲಟ್ ಬೇರಿಂಗ್‌ಗೆ ಪೂರ್ತಿ ಎಟುಕಬೇಕಲ್ಲ? ಸೆಂಟರ್ ಕೂದಲೆಳೆ ತಪ್ಪಿದ್ರೂ ಬೇರಿಂಗ್, ಕ್ಲಚ್ಚು ಎರಡೂ ತಿಂದು ಹಾಕುತ್ತೆ. ಜಿಪ್ಸಿಯಲ್ಲಿ ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚೋ ಟ್ರಾನ್ಸ್‌ಫರ್ ಕೇಸ್ ಬೇರೆ ಕಡೆ ಇರೋದ್ರಿಂದ ನಡುವಿನ ಗಿಡ್ಡ ಶಾಫ್ಟಿನ ಲೆಕ್ಕವೂ ತಪ್ಪುತ್ತೆ.

ಬಾಕ್ಸ್ ಈಗ ಜಗಲಿಯಲ್ಲಿದೆ. ಅಮ್ಮ ಅದರ ಶಾಫ್ಟಿಗೆ ಒದ್ದೆ ಕೊಡೆ ನೇತು ಹಾಕಿದ್ದಾರೆ.

ಹಳೇ ಬಾಕ್ಸಲ್ಲಿ ಇಳಿಜಾರು ಬಂದ್ರೆ ಎರಡನೇ ಗೇರ್ ಹಾರುತ್ತೆ. ಅದನ್ನೇ ಬಿಚ್ಚಿಸಿ ರಿಪೇರಿ ಮಾಡಿಸ್ಲಾ, ಇಲ್ಲ ಇದಕ್ಕೆ ಜೊತೆಯಾಗೋ 1.3 ಇಂಜಿನ್ನೇ ಹುಡುಕ್ಲಾ? ಯಾರಾದ್ರೂ ಉತ್ತರ ಕೊಡಿ ಮಾರಾಯ್ರೆ. ಇಂಜಿನ್ ಅಂದ್ರೆ ಮನೆಯಲ್ಲಿ ಕೊಲೆ ಆಗುತ್ತೆ, ಅದನ್ನೂ ಲೆಕ್ಕಕ್ಕೆ ಇಟ್ಕೊಂಡು ಹೇಳಿ.