ಕಡಿದ ಸಿಮ್ಮಿಗೆ ಬಂದ ಬಾಡಿಗೆ

ರದ್ದುಪಡಿಸಿದ ಮೊಬೈಲು ಸಂಪರ್ಕಕ್ಕೆ ಬರುವ ಬಿಲ್ಲುಗಳಲ್ಲಿ ಮೊದಲು ನನ್ನ ಕಣ್ಣು ಹೋಗುವುದು ಪೈಸೆಯ ಕಡೆಗೆ. ಇಪ್ಪತ್ತೈದು ಪೈಸೆಯ ನಾಣ್ಯವನ್ನೂ ಅದಕ್ಕಿಂತ ಚಿಕ್ಕ ನಾಣ್ಯಗಳನ್ನೂ ಸರಕಾರವು 2011ರ ಜೂನ್ 30ರಂದು ಚಲಾವಣೆಯಿಂದ ಹಿಂತೆಗೆದುಕೊಂಡಿತು. ಐವತ್ತು ಪೈಸೆಗೆ ಕಾನೂನಿನಲ್ಲಿ ಇನ್ನೂ ಜೀವವಿದೆಯಾದರೂ, ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕದ ಪೇಟೆಯಲ್ಲಿ ಅದನ್ನು ಚಾಚಿದರೆ ಅಂಗಡಿಯವರು ನಾಣ್ಯವನ್ನು ಬಿಟ್ಟು ಚಾಚಿದವನ ಮುಖವನ್ನೇ ನೋಡುತ್ತಾರೆ. ಹೀಗೆ ಎಲ್ಲ ಕಡೆಯಿಂದಲೂ ಹೊರಬಿದ್ದ ಪೈಸೆಗೆ ಕೊನೆಯ ಆಶ್ರಯ ಕೊಟ್ಟವರು ಮೊಬೈಲು ಕಂಪೆನಿಯವರು. 234 ರೂಪಾಯಿ 82 ಪೈಸೆ ಬಾಕಿ ಎಂದು ಅಚ್ಚಾಗಿರುವ ಕಾಗದವನ್ನು ಕಂಡಾಗ, ಇಷ್ಟು ಸೂಕ್ಷ್ಮವಾಗಿ ಲೆಕ್ಕ ಹಾಕಿದವರು ತಪ್ಪಿರಲಾರರು ಎಂಬ ಭಾವನೆ ಓದುವವನಲ್ಲಿ ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ಬರಿಯ ಇನ್ನೂರ ಮೂವತ್ತು ಎಂದಿದ್ದರೆ ಯಾರಾದರೂ ಚೌಕಾಸಿಗೆ ನಿಲ್ಲುತ್ತಿದ್ದರು.

ಈ ಮೊತ್ತ ನಾನು ಕಲ್ಪಿಸಿದ್ದಲ್ಲ, ನನ್ನ ಅಕ್ಕನ ಗಂಡನ ಹೆಸರಿಗೆ ಬಂದದ್ದು. ನಾವಿಬ್ಬರೂ ನಮ್ಮ ಕಡೆಯ ಪದ್ಧತಿಯಂತೆ ಪರಸ್ಪರ ಭಾವ ಎಂದೇ ಕರೆದುಕೊಳ್ಳುವವರು. ಮಗ ಮಂಗಳೂರಿನಲ್ಲಿ ಓದುತ್ತಿದ್ದಾಗ ಅವನ ಉಪಯೋಗಕ್ಕೆಂದು ಭಾವ ಅಲ್ಲಿಯೇ ತಮ್ಮ ಹೆಸರಿನಲ್ಲಿ ಒಂದು ಪೋಸ್ಟ್‌ಪೇಯ್ಡ್ ಸಂಪರ್ಕ ತೆಗೆದುಕೊಂಡಿದ್ದರು. ತಿಂಗಳಿಗೆ 199 ರೂಪಾಯಿ ಬಾಡಿಗೆ, ಮೊದಲಿಗೆ ಕಟ್ಟಿದ ಐನೂರು ರೂಪಾಯಿಯ ಠೇವಣಿ ಬೇರೆ. ಓದು ಮುಗಿದು ಹುಡುಗ ಬೆಂಗಳೂರಿಗೆ ಹೋಗಿ ಬೇರೆ ಸಂಖ್ಯೆ ಮಾಡಿಕೊಂಡ ಮೇಲೆ ಇದರ ಅಗತ್ಯ ಉಳಿಯಲಿಲ್ಲ. ಭಾವ ಒಂದು ತಿಂಗಳ ಆರನೆಯ ತಾರೀಕಿಗೆ ಷೋರೂಮಿಗೆ ಹೋಗಿ, ಆವರೆಗಿನ ಬಿಲ್ಲನ್ನೆಲ್ಲ ಕಟ್ಟಿ, ಸಂಪರ್ಕ ರದ್ದುಪಡಿಸುವ ಅರ್ಜಿ ಬರೆದುಕೊಟ್ಟು ಬಂದರು. ಬಂದವರೇ ಸಂಜೆ ಜಗಲಿಯಲ್ಲಿ ಕುಳಿತು ಎಲೆಯಡಿಕೆ ಹಾಕುವಾಗ ಸಿಮ್ಮನ್ನು ಅಡಕತ್ತರಿಯ ಬಾಯಿಗೆ ಕೊಟ್ಟು ಎರಡು ಹೋಳು ಮಾಡಿದರು. ಸಿಪ್ಪೆಗೋಟು ಅಡಿಕೆಗಿಂತ ಸುಲಭವಾಗಿ ತುಂಡಾಯಿತು ಎಂದು ಅವರು ಸಂತೋಷಪಟ್ಟದ್ದೂ ನನಗೆ ನೆನಪಿದೆ.

ಮುಂದಿನ ತಿಂಗಳು ಬಿಲ್ಲು ಬಂತು. ಅದರ ಒಳಗುಟ್ಟು ತಿಳಿಯಬೇಕಾದರೆ ಈ ಕಂಪೆನಿಗಳ ತಿಂಗಳು ಪಂಚಾಂಗದ ತಿಂಗಳೂ ಅಲ್ಲ, ಕ್ಯಾಲೆಂಡರಿನ ತಿಂಗಳೂ ಅಲ್ಲ ಎಂಬುದನ್ನು ಗಮನಿಸಬೇಕು. ಭಾವನವರ ಬಿಲ್ಲಿನ ತಿಂಗಳು ಹತ್ತನೆಯ ತಾರೀಕಿಗೆ ಹುಟ್ಟಿ ಮುಂದಿನ ಒಂಬತ್ತಕ್ಕೆ ಮುಗಿಯುತ್ತಿತ್ತು. ಆರಕ್ಕೆ ಕೊಟ್ಟ ಅರ್ಜಿಯನ್ನು ಕಂಪೆನಿಯವರು ಕಾರ್ಯರೂಪಕ್ಕೆ ತಂದದ್ದು ಹನ್ನೆರಡಕ್ಕೆ. ಇದು ಅಕ್ರಮವೇ ಎಂದು ಕೇಳಿದರೆ, ಅಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2009ರಲ್ಲಿ ಮಾಡಿದ, ಅಂದಿಗೆ ಜಾರಿಯಲ್ಲಿದ್ದ ಸೇವಾ ಗುಣಮಟ್ಟದ ನಿಯಮಗಳು ಸಂಪರ್ಕ ಮುಚ್ಚುವುದಕ್ಕೆ ಏಳು ದಿನಗಳ ಅವಕಾಶವನ್ನು ಕೊಟ್ಟಿದ್ದವು. ಆದರೆ ಆ ಏಳು ದಿನಗಳ ಸಂದಿಯಲ್ಲಿ ಹತ್ತನೆಯ ತಾರೀಕು ಬಂದು ಹೋಗಿತ್ತು, ಹೊಸ ತಿಂಗಳು ಹುಟ್ಟಿತ್ತು, ಹುಟ್ಟಿದ ತಪ್ಪಿಗೆ ಅದಕ್ಕೆ ಇಡೀ ತಿಂಗಳ ಬಾಡಿಗೆ ಬಿದ್ದಿತ್ತು: 199 ರೂಪಾಯಿ, ಅದರ ಮೇಲೆ ನೂರಕ್ಕೆ ಹದಿನೆಂಟರಂತೆ ಜಿ.ಎಸ್.ಟಿ. ಒಟ್ಟು 234 ರೂಪಾಯಿ 82 ಪೈಸೆ. ಕೂಡಿಸುವುದರಲ್ಲಿ ನಿಜಕ್ಕೂ ಯಾವ ತಪ್ಪೂ ಇರಲಿಲ್ಲ.

ಭಾವ ಅಡಿಕೆ ಮಂಡಿಯ ಚೀಟಿಯೊಂದರ ಹಿಂಬದಿಯಲ್ಲಿ ಬೇರೆಯೇ ಲೆಕ್ಕ ಹಾಕಿದರು. ಹತ್ತರಿಂದ ಹನ್ನೆರಡರವರೆಗೆ ಮೂರು ದಿನ. ತಿಂಗಳಿಗೆ 199 ಆದರೆ ಮೂರು ದಿನಕ್ಕೆ 19 ರೂಪಾಯಿ 90 ಪೈಸೆ. ತೆರಿಗೆ ಸೇರಿಸಿದರೆ 23 ರೂಪಾಯಿ 48 ಪೈಸೆ. ಕಂಪೆನಿಯ ಪರವಾಗಿ ಎಷ್ಟು ಉದಾರವಾಗಿ ಯೋಚಿಸಿದರೂ ಇದಕ್ಕಿಂತ ಒಂದು ಕಾಸು ಹೆಚ್ಚು ಬಾರದು ಎಂಬುದು ಅವರ ಮೊದಲ ವಾದ. ಅರ್ಜಿ ಕೊಟ್ಟ ದಿನವೇ ಸಿಮ್ಮು ಹೋಳಾಗಿದ್ದುದರಿಂದ ಅದನ್ನೂ ಕೊಡಬೇಕಾಗಿಲ್ಲ ಎಂಬುದು ಎರಡನೆಯದು. ಅಕ್ಕನಿಗೆ ಈ ಎರಡೂ ವಾದಗಳು ಹಿಡಿಸಲಿಲ್ಲ. ಅಡಿಕೆ ತೋಟಕ್ಕೆ ಮದ್ದು ಬಿಡುವ ಜನ ಸಿಗುವುದೇ ಕಷ್ಟವಾದ ಮಳೆಗಾಲದಲ್ಲಿ ಇದನ್ನು ಹಿಡಿದುಕೊಂಡು ಕೂರುವುದಕ್ಕಿಂತ ಅಷ್ಟನ್ನು ಬಿಸಾಡಿ ಕೈತೊಳೆದುಕೊಳ್ಳಬಾರದೇ ಎಂದು ಅವಳು ಕೇಳಿದಾಗ, ಭಾವ ನನ್ನ ಕಡೆಗೆ ತಿರುಗಿ, "ಅಲ್ಲ ಭಾವಾ, ದುಡ್ಡಿನ ಪ್ರಶ್ನೆ ಅಲ್ಲ, ಕಡಿದ ಮರಕ್ಕೆ ಯಾರಾದರೂ ಗೊಬ್ಬರದ ಬಿಲ್ಲು ಕೊಡುತ್ತಾರೋ?" ಎಂದರು.

ಇಂಥ ಬಿಲ್ಲುಗಳ ಬಲವಿರುವುದು ಅಕ್ಕನ ಮಾತಿನಲ್ಲಿಯೇ ಎಂದು ನನಗೆ ತೋರುತ್ತದೆ. ಮೊತ್ತವು ಜಗಳಕ್ಕೆ ತಗಲುವ ಖರ್ಚಿಗಿಂತ ಸದಾ ಸ್ವಲ್ಪ ಕಡಿಮೆಯಾಗಿಯೇ ಇರುತ್ತದೆ. ಎರಡು ಸಾವಿರ ಎಂದಿದ್ದರೆ ಜನ ವಕೀಲರನ್ನು ಕಾಣುತ್ತಿದ್ದರು, ಇಪ್ಪತ್ತು ಎಂದಿದ್ದರೆ ಕಂಪೆನಿಯೇ ಮರೆಯುತ್ತಿತ್ತು. ಇನ್ನೂರ ಚಿಲ್ಲರೆ ಎಂಬುದು ಕೊಡಲು ಹೊಟ್ಟೆ ಉರಿಯುವಷ್ಟು ದೊಡ್ಡದು, ಹೋರಾಡಲು ನಾಚಿಕೆಯಾಗುವಷ್ಟು ಸಣ್ಣದು. ಹೀಗೆ ನಾಚಿಕೊಂಡು ಕೊಟ್ಟವರ ದುಡ್ಡು ದೇಶದಾದ್ಯಂತ ಒಟ್ಟುಗೂಡಿದರೆ ಎಷ್ಟಾದೀತೆಂದು ಲೆಕ್ಕ ಹಾಕುವ ಸಾಹಸಕ್ಕೆ ನಾನು ಹೋಗುವುದಿಲ್ಲ.

ಗಡಿಯಲ್ಲಿರುವ ನಮಗೆ ಇದರ ಮೇಲೆ ಇನ್ನೊಂದು ಸೊಗಸು. 1956ರ ನವೆಂಬರ್ 1ರಂದು ಭಾಷೆಗಳ ಹೆಸರಿನಲ್ಲಿ ಎಳೆದ ಗೆರೆಯನ್ನು ದೂರಸಂಪರ್ಕದವರು ತಮ್ಮ ವಲಯಗಳ ಗಡಿಯಾಗಿಯೂ ಇಟ್ಟುಕೊಂಡರು; ಗೋಪುರಗಳಿಂದ ಹೊರಡುವ ಅಲೆಗಳು ಮಾತ್ರ ಆ ಗೆರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಪೆರ್ಲದಾಚೆ ಅಡ್ಯನಡ್ಕದ ದಿಕ್ಕಿನಲ್ಲಿಯೂ ತಲಪಾಡಿಯ ಆಸುಪಾಸಿನಲ್ಲಿಯೂ ಅಡಿಗೆಮನೆಯಲ್ಲಿ ಕೇರಳ, ಅಂಗಳದಲ್ಲಿ ಕರ್ನಾಟಕ ಎಂಬಂಥ ಮನೆಗಳಿವೆ. ರೋಮಿಂಗಿನಲ್ಲಿ ಬಂದ ಕರೆಗೂ ದುಡ್ಡು ತೆರಬೇಕಾಗಿದ್ದ ಕಾಲದಲ್ಲಿ, 2015ರ ಮೇ ತಿಂಗಳಿನಿಂದ ಟ್ರಾಯ್ ಅದನ್ನು ನಿಮಿಷಕ್ಕೆ ಹೆಚ್ಚೆಂದರೆ 45 ಪೈಸೆ ಎಂದು ಇಳಿಸಿದ ಮೇಲೆಯೂ, ಮನೆಯೊಳಗೆ ಯಾವ ಮೂಲೆಯಲ್ಲಿ ನಿಂತು ಮಾತನಾಡಬೇಕೆಂಬ ಶಾಸ್ತ್ರವೊಂದು ನಮ್ಮಲ್ಲಿ ಬೆಳೆದಿತ್ತು. ಆ ತೊಂದರೆ ಈಗ ತೀರಿದೆ. ತೀರದೆ ಉಳಿದದ್ದು, ಸಂಖ್ಯೆ ಎಲ್ಲಿಯದೋ ದೂರು ಅಲ್ಲಿಗೆ ಎಂಬ ನ್ಯಾಯ. ಭಾವ ಬಿಲ್ಲು ಹಿಡಿದು ಕಾಸರಗೋಡಿನ ಷೋರೂಮಿಗೆ ಹೋದರೆ, ಕಂಪೆನಿ ಅದೇ, ಬೋರ್ಡಿನ ಬಣ್ಣವೂ ಅದೇ, ಆದರೆ ಇದು ಕರ್ನಾಟಕದ ಸಂಖ್ಯೆಯಾದ್ದರಿಂದ ತಮ್ಮ ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲ, ಐವತ್ತು ಕಿಲೋಮೀಟರು ಆಚೆಯ ಮಂಗಳೂರಿಗೇ ಹೋಗಬೇಕು ಎಂದು ಬಹಳ ಸಭ್ಯವಾದ ಮಲಯಾಳದಲ್ಲಿ ತಿಳಿಸಿದರು. ದುಡ್ಡು ಕಟ್ಟುವುದಾದರೆ ಮಾತ್ರ ಇಲ್ಲಿಯೇ ಆಗಬಹುದಂತೆ. ಹಣ ಒಳಗೆ ಬರುವ ಬಾಗಿಲಿಗೆ ರಾಜ್ಯಗಳ ಭೇದವಿಲ್ಲ.

ಕಸ್ಟಮರ್ ಕೇರಿಗೆ ಕರೆ ಮಾಡುವುದು ಇನ್ನೊಂದು ದಾರಿ. ಕರ್ನಾಟಕದ ಸಂಖ್ಯೆಗೆ ಸಂಬಂಧಿಸಿದ್ದಾದ್ದರಿಂದ ಅಲ್ಲಿ ಕನ್ನಡಕ್ಕಾಗಿ ಇಂಥ ಅಂಕಿ ಒತ್ತಿ ಎಂಬ ಮಧುರ ಧ್ವನಿ ಕೇಳುತ್ತದೆ ಎಂಬುದೇ ಗಡಿನಾಡ ಕನ್ನಡಿಗರಾದ ನಮಗೊಂದು ಪುಳಕ. ಪುಳಕ ಇಳಿದ ಮೇಲೆ, ಆ ಸಂಖ್ಯೆ ಚಾಲನೆಯಲ್ಲಿಲ್ಲದ ಕಾರಣ ಅದರ ವಿವರ ಕೊಡಲಾಗುವುದಿಲ್ಲ ಎಂದು ಹೇಳಲಾಯಿತು. ಚಾಲನೆಯಲ್ಲಿಲ್ಲ ಎಂಬುದನ್ನೇ ಬರೆದು ಕೊಡಿ, ನನಗೆ ಬೇಕಾದದ್ದೂ ಅದೇ ಎಂದು ಭಾವ ಕೇಳಿದ್ದು ತಕ್ಕ ಮಾತಾಗಿತ್ತು, ಆದರೆ ಆ ಹುಡುಗಿಯ ಮುಂದಿದ್ದ ಪರದೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಪಾಪ, ಅವಳನ್ನು ಬಯ್ಯುವುದರಲ್ಲಿ ಅರ್ಥವಿಲ್ಲ. ದೂರು ಸಂಖ್ಯೆಯೊಂದು ಮಾತ್ರ ಸಿಕ್ಕಿತು, ಅದನ್ನು ಭಾವ ಜೋಪಾನವಾಗಿ ಬರೆದಿಟ್ಟುಕೊಂಡರು. ಹಾಗೆ ಬರೆದಿಡುವುದು ಒಳ್ಳೆಯದೇ. 2012ರ ದೂರು ಪರಿಹಾರ ನಿಯಮಗಳ ಪ್ರಕಾರ ದೂರಿನಿಂದ ಸಮಾಧಾನವಾಗದಿದ್ದರೆ ಅದೇ ಕಂಪೆನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಹೋಗಬಹುದು, ಅವರು 39 ದಿನಗಳಲ್ಲಿ ತೀರ್ಮಾನ ಕೊಡಬೇಕು. 39 ಎಂಬ ಅಂಕಿಯನ್ನು ಯಾರು ಯಾವ ಮುಹೂರ್ತದಲ್ಲಿ ನಿಶ್ಚಯಿಸಿದರೋ.

ಅಷ್ಟರಲ್ಲಿ ವಸೂಲಿಯವರ ಕರೆಗಳು ಶುರುವಾದವು. ಅದರ ಹಿಂದೆ ದೂರದ ಮಹಾನಗರದ ವಕೀಲರೊಬ್ಬರ ಪತ್ರ, ದಪ್ಪಕ್ಷರದಲ್ಲಿ ಲೋಕ ಅದಾಲತ್ ಎಂಬ ಹೆಸರು. ಓದಿದ ಅಕ್ಕ ದೇವರಿಗೆ ಕಾಣಿಕೆ ತೆಗೆದಿಟ್ಟಳು. ವಾಸ್ತವವಾಗಿ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಡಿ ನಡೆಯುವ ಸಾಮಾನ್ಯ ಲೋಕ ಅದಾಲತ್ತು ರಾಜಿಯ ವೇದಿಕೆ. ಎರಡೂ ಪಕ್ಷಗಳು ಒಪ್ಪದೆ ಅದು ಯಾರ ಮೇಲೂ ತೀರ್ಪು ಹೇರುವುದಿಲ್ಲ. ಜನರಿಗೆ ಉಪಕಾರವಾಗಲೆಂದು ಕಟ್ಟಿದ ವೇದಿಕೆಯ ಹೆಸರು ಹೀಗೆ ಗುಮ್ಮನಂತೆ ಬಳಕೆಯಾಗುವುದನ್ನು ನೋಡಿದರೆ ಬೇಸರವಾಗುತ್ತದೆ. ಆದರೆ ವಸೂಲಿಯವರ ಎಲ್ಲ ಬೆದರಿಕೆಗಳೂ ಪೊಳ್ಳಲ್ಲ. ಪೋಸ್ಟ್‌ಪೇಯ್ಡ್ ಬಾಕಿಗಳು ಸಾಲಗಾರರ ಚರಿತ್ರೆಯನ್ನು ಬರೆದಿಡುವ ಸಿಬಿಲ್‌ನಂಥ ಸಂಸ್ಥೆಗಳ ವರದಿಯಲ್ಲಿ ಕಾಣಿಸಿಕೊಳ್ಳಬಹುದು. ಇನ್ನೂರ ಚಿಲ್ಲರೆಗಾಗಿ ನಾಳೆ ಮಗನ ಮನೆ ಸಾಲಕ್ಕೋ ತೋಟದ ಸಾಲಕ್ಕೋ ಬ್ಯಾಂಕಿನವರು ಹುಬ್ಬು ಗಂಟಿಕ್ಕಬಹುದು. ಸಂಖ್ಯೆಯನ್ನು ಉಳಿಸಿಕೊಂಡು ಕಂಪೆನಿ ಬದಲಿಸಿದವರ ಪಾಡೂ ಇಷ್ಟೇ. 2011ರ ಜನವರಿ 20ರಂದು ದೇಶವಿಡೀ ಬಂದ ಆ ಸೌಲಭ್ಯದಲ್ಲಿಯೂ, ಹಳೆಯ ಕಂಪೆನಿಯ ಕೊನೆಯ ಬಿಲ್ಲು ಬಾಕಿ ಉಳಿದರೆ ಹೊಸ ಕಂಪೆನಿಯ ಸೇವೆ ನಿಲ್ಲುವ ಸಂಭವವಿದೆ.

ಇಂಥ ವ್ಯಾಜ್ಯಗಳ ಚರಿತ್ರೆಯಲ್ಲಿ ನಮ್ಮ ಕೇರಳಕ್ಕೆ ದೊಡ್ಡ ಸ್ಥಾನವಿದೆ. ಬಿಲ್ಲು ಕಟ್ಟಲಿಲ್ಲವೆಂದು ದೂರವಾಣಿಯ ಸಂಪರ್ಕ ಕಡಿದದ್ದಕ್ಕೆ ಗ್ರಾಹಕರೊಬ್ಬರು ಕೋಯಿಕ್ಕೋಡಿನ ಗ್ರಾಹಕರ ವೇದಿಕೆಗೆ ಹೋಗಿ, 2001ರ ನವೆಂಬರಿನಲ್ಲಿ ಮರುಸಂಪರ್ಕವನ್ನೂ ಐದು ಸಾವಿರ ರೂಪಾಯಿ ಪರಿಹಾರವನ್ನೂ ಗೆದ್ದರು. ಆ ಜಗಳ ಏರುತ್ತ ಏರುತ್ತ ಸುಪ್ರೀಂ ಕೋರ್ಟು ತಲುಪಿತು. 1885ರ ಟೆಲಿಗ್ರಾಫ್ ಕಾಯಿದೆಯಲ್ಲಿ ಇಂಥ ವಿವಾದಗಳಿಗೆ ಪಂಚಾಯ್ತಿಕೆಯ ದಾರಿ ಬೇರೆಯೇ ಇದ್ದುದರಿಂದ ಗ್ರಾಹಕರ ವೇದಿಕೆಗೆ ಅಧಿಕಾರವಿಲ್ಲವೆಂದು 2009ರಲ್ಲಿ ಅಲ್ಲಿ ತೀರ್ಪಾಯಿತು. ಆ ಬಾಗಿಲು ಮತ್ತೆ ಸರಿಯಾಗಿ ತೆರೆದದ್ದು 2022ರ ಫೆಬ್ರವರಿ 16ರಂದು, ಅಹಮದಾಬಾದಿನ ಗ್ರಾಹಕರೊಬ್ಬರ ಪ್ರಕರಣದಲ್ಲಿ. ತಿಂಗಳಿಗೆ ಸರಾಸರಿ 555 ರೂಪಾಯಿಯ ಬಿಲ್ಲು ಬರುತ್ತಿದ್ದ ತನಗೆ 24,609 ರೂಪಾಯಿ 51 ಪೈಸೆಯ ಬಿಲ್ಲು ಹಾಕಿದ್ದಾರೆ ಎಂಬುದು ಅವರ ದೂರಾಗಿತ್ತು. ಅಲ್ಲಿಯೂ ಪೈಸೆಯನ್ನು ಬಿಟ್ಟಿರಲಿಲ್ಲ. ಈಗಿನ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು, ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ. ಮಂಗಳೂರಿನ ಸಂಖ್ಯೆಯ ಜಗಳವನ್ನು ಕಾಸರಗೋಡಿನ ಆಯೋಗದಲ್ಲಿ ಆಡಬಹುದು ಎಂದು ತಿಳಿದಾಗ ಭಾವನ ಮುಖ ಅಡಿಕೆಗೆ ಧಾರಣೆ ಏರಿದ ದಿನದಂತೆ ಅರಳಿತು.

ಆದರೆ ಆಯೋಗದವರೆಗೆ ಹೋಗುವ ಮೊದಲೇ, ಭಾವ ಕಂಪೆನಿಗೆ ಕೊಟ್ಟಿದ್ದ ಮೇಲ್ಮನವಿಗೆ ಉತ್ತರವಾಗಿ, ಸದ್ಭಾವನೆಯ ಕುರುಹಾಗಿ ಬಾಕಿಯನ್ನು ಮನ್ನಾ ಮಾಡಲಾಗಿದೆ ಎಂಬ ಮಿಂಚಂಚೆ ಬಂತು. ಅಕ್ಕ ಪಾಯಸ ಮಾಡುವವಳಿದ್ದಳು. ಭಾವ ಮಾತ್ರ ಅದನ್ನು ಎರಡೆರಡು ಸಲ ಓದಿ, ಇಲ್ಲದ ಸಾಲವನ್ನು ಮನ್ನಾ ಮಾಡಲು ಇವರು ಯಾರು, ಬಿಲ್ಲೇ ತಪ್ಪೆಂದು ಬರೆಯಬೇಕು, ಮೇಲಾಗಿ ಅರುವತ್ತು ದಿನದೊಳಗೆ ಮರಳಿಸಬೇಕಾಗಿದ್ದ ಐನೂರು ರೂಪಾಯಿಯ ಠೇವಣಿ ಎಲ್ಲಿ ಎಂದು ಮರುಪತ್ರ ಬರೆಯಲು ಕುಳಿತರು. ಆ ಪತ್ರದ ಕನ್ನಡವನ್ನು ತಿದ್ದಿಕೊಟ್ಟವನು ನಾನೇ. ಒಂದು ವಾಕ್ಯವನ್ನೂ ಮೆದು ಮಾಡಲಿಲ್ಲ.