ಐದ್ ಮಿನಿಟ್ ಗಾಡಿ ಕೊಡ್ರಿ

ಸ್ಕೂಟರಿನ ಪೆಟ್ರೋಲ್ ಮುಳ್ಳು ಕೆಂಪು ಗೆರೆಗೆ ಬಿದ್ದಿದ್ದರೆ ನಮ್ಮ ಮನೆಯಲ್ಲಿ ಯಾರೂ ಗಾಬರಿಯಾಗುವುದಿಲ್ಲ. ಎದುರು ಮನೆ ಕಾಕಾ ಬಂದು ಹೋಗಿದ್ದಾರೆ, ಅಷ್ಟೇ. ಮೊನ್ನೆ ಮಧ್ಯಾಹ್ನ ಇನ್ನೂರು ರೂಪಾಯಿಯ ಪೆಟ್ರೋಲ್ ಹಾಕಿಸಿ ಬಂದಿದ್ದೆ. ಮರುದಿನ ಬೆಳಿಗ್ಗೆ ಆಫೀಸಿಗೆ ಹೊರಟರೆ ಗಾಡಿ ಅಥಣಿ ರಸ್ತೆಯಲ್ಲಿ ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ವಿಜಯಪುರದ ಏಪ್ರಿಲ್ ಬಿಸಿಲು ನಿಮಗೆ ಗೊತ್ತಲ್ವಾ, ಒಂಬತ್ತು ಗಂಟೆಗೇ ನೆತ್ತಿ ಸುಡುತ್ತದೆ. ತಳ್ಳಿಕೊಂಡು ಹೋಗುತ್ತಾ ಕನ್ನಡಿ ನೋಡಿದರೆ ಹಿಂದಿನ ರಸ್ತೆ ಕಾಣಲಿಲ್ಲ, ಬರೀ ಆಕಾಶ. ಕಾಕಾ ತಮ್ಮ ಮೀಸೆ ಕಾಣುವಂತೆ ತಿರುಗಿಸಿಟ್ಟುಕೊಂಡಿದ್ದರು.

ಆಮೇಲೆ ತಿಳಿಯಿತು, 'ಐದ್ ಮಿನಿಟ್' ಅಂತ ಒಯ್ದವರು ಮಗಳ ಊರು ಇಂಡಿಗೆ ಹೋಗಿ ಬಂದಿದ್ದರು. ಇಲ್ಲಿಂದ ಇಂಡಿ ಹೆಚ್ಚೂಕಡಿಮೆ ಐವತ್ತು ಕಿಲೋಮೀಟರ್. ರಾತ್ರಿ ಚಾವಿ ಕೊಡುವಾಗ ಜೊತೆಗೆ ಒಂದು ಕ್ಯಾರಿಬ್ಯಾಗಿನಲ್ಲಿ ನಿಂಬೆಹಣ್ಣು ಕೊಟ್ಟಿದ್ದರು. ಇಂಡಿ ನಿಂಬೆ, ರಸ ತುಂಬಿದ್ದು. ಹೆಂಡತಿ ಖುಷಿಯಾಗಿ ಶರಬತ್ತು ಮಾಡಿದಳು. ನಾನೂ ಕುಡಿದೆ. ನನ್ನದೇ ಪೆಟ್ರೋಲ್ ಕುಡಿಯುತ್ತಿದ್ದೇನೆ ಅಂತ ಆಗ ಗೊತ್ತಿರಲಿಲ್ಲ.

ಇಲ್ಲ ಅನ್ನಬಾರದಾ ಅಂತ ನೀವು ಕೇಳಬಹುದು. ಕಾಕಾ ಗಾಡಿ ಕೇಳುವ ರೀತಿ ನೀವು ನೋಡಿಲ್ಲ.

ಅವರು ಬಂದವರೇ ಗಾಡಿ ಕೇಳುವುದಿಲ್ಲ. ಮೊದಲು ಕಟ್ಟೆಯ ಮೇಲೆ ಕೂತು ಟವೆಲ್ಲಿನಿಂದ ಗಾಳಿ ಬೀಸಿಕೊಳ್ಳುತ್ತಾರೆ. "ಏನ್ ಬಿಸಲರಿ ಸರ, ಆರಾಮ ಅದೀರಿಲ್ಲ?" ಆರಾಮ ಅನ್ನುತ್ತೇನೆ. "ಮಂಡಿ ನೋವು ಕಡಿಮಿ ಆತೇನ್ರಿ?" ಆ ನೋವಿನ ವಿಷಯ ನನ್ನ ಸ್ವಂತ ತಮ್ಮನಿಗೂ ಗೊತ್ತಿಲ್ಲ. ಅಲ್ಲಿಂದ ಮಾತು ಜೋಳದ ರೇಟಿಗೆ ಹೋಗುತ್ತದೆ, ದ್ರಾಕ್ಷಿಗೆ ಬಂದ ರೋಗಕ್ಕೆ ಹೋಗುತ್ತದೆ, ಆಲಮಟ್ಟಿ ಡ್ಯಾಮಿನ ನೀರಿಗೆ ಹೋಗುತ್ತದೆ. ಮಾತು ಎಲ್ಲಿ ಹೋದರೂ ಕಣ್ಣು ಮಾತ್ರ ಬಾಗಿಲ ಹಿಂದಿನ ಮೊಳೆಯ ಮೇಲೆ. ಚಾವಿ ತೂಗುಹಾಕುವ ಮೊಳೆ ಅದು. ಚಾವಿ ಕಂಡಿತೋ, ಮುಖ ಅರಳುತ್ತದೆ. ಆಗ ಬಲಗೈ ಮೇಲೆ ಬರುತ್ತದೆ. ಹೆಬ್ಬೆರಳು ತೋರುಬೆರಳು ಸೇರಿಸಿ ಗಾಳಿಯಲ್ಲಿ ಅರ್ಧ ಸುತ್ತು ತಿರುವುತ್ತಾರೆ, ಗಾಡಿ ಚಾಲೂ ಮಾಡಿದ ಹಾಗೆ. ಬಾಯಿಂದ ಒಂದೇ ಮಾತು: "ಐದ್ ಮಿನಿಟ್. ಹಿಂಗ ಹೋಗಿ ಹಂಗ ಬಂದಬಿಡ್ತೀನಿ."

ಇಷ್ಟು ಹೊತ್ತು ನನ್ನ ಮಂಡಿಯ ಕಾಳಜಿ ಮಾಡಿದವರಿಗೆ ಇಲ್ಲ ಅನ್ನುವುದು ಹೇಗೆ? ನನ್ನ ಕೈ ತಾನಾಗಿಯೇ ಮೊಳೆಯ ಕಡೆ ಹೋಗುತ್ತದೆ. ಬಾಯಿ "ಹೂಂ, ಒಯ್ರಿ ಒಯ್ರಿ" ಅನ್ನುತ್ತದೆ. ಎರಡು ಸಲ ಯಾಕೆ ಅನ್ನಬೇಕು ಅಂತ ಹೆಂಡತಿ ಕೇಳುತ್ತಾಳೆ. ಅದಕ್ಕೂ ನನ್ನಲ್ಲಿ ಉತ್ತರವಿಲ್ಲ.

ಒಂದು ಸಲ ಚಾವಿಯನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟೆ. ಕಾಕಾ ಖಾಲಿ ಮೊಳೆ ನೋಡಿದರು, ನನ್ನನ್ನು ನೋಡಿದರು. "ಅಯ್ಯ, ಚಾವಿ ಕಳದೈತೇನ್ರಿ ಸರ?" ಅಂತ ಎದ್ದು ನಿಂತು ನನ್ನ ಜೊತೆ ಮನೆಯೆಲ್ಲ ಹುಡುಕಿದರು. ಮಂಚದ ಕೆಳಗೆ ಟಾರ್ಚ್ ಹಾಕಿದರು. ಅವರು ಬೆವರುವುದನ್ನು ನೋಡಲಾರದೆ ನಾನೇ ಡಬ್ಬಿ ತೆಗೆದೆ. "ಸಿಕ್ತಲ್ರೀ, ಭಾಳ ಚಲೋ ಆತು!" ಅಂತ ಬೆನ್ನು ತಟ್ಟಿ, ಗಾಡಿ ಒಯ್ದರು.

ಧೈರ್ಯ ಬೆಳೆಸಿಕೊಳ್ಳುವುದು ಹೇಗೆ ಅಂತ ಮೊಬೈಲಿನಲ್ಲಿ ಬೇಕಾದಷ್ಟು ವಿಡಿಯೋ ಇವೆ. ಸಣ್ಣದರಿಂದ ಶುರು ಮಾಡಿ ಅನ್ನುತ್ತಾರೆ. ಸರಿ, ಸಂತೆಯಲ್ಲಿ ಶುರು ಮಾಡೋಣ ಅಂತ ಹೋದೆ. ಪಲ್ಯ ಮಾರುವ ಅಜ್ಜಿ ಬೇಡ ಬೇಡ ಅನ್ನುವಷ್ಟರಲ್ಲಿ ಚೀಲಕ್ಕೆ ಹಕ್ಕರಿಕಿ ಕಟ್ಟು ತುರುಕಿ, "ರೊಟ್ಟಿ ಜೋಡಿ ಹಸೀದ ತಿನ್ನು ಯಪ್ಪಾ, ಮೈಗೆ ಚಲೋ" ಅಂದಳು. ಯಪ್ಪಾ ಅಂದವಳಿಗೆ ಎದುರು ಮಾತಾಡುವುದುಂಟೇ? ವಾರವೆಲ್ಲ ಹಕ್ಕರಿಕಿ ತಿಂದೆವು.

ನಮ್ಮ ಊರಿನಲ್ಲಿ ಧೈರ್ಯದ ಗುರುತುಗಳಿಗೇನೂ ಕಡಿಮೆಯಿಲ್ಲ. ಮಲಿಕ್-ಎ-ಮೈದಾನ್ ತೋಪೇ ಇದೆ. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದದ್ದು, ತೂಕ 55 ಟನ್. ಅದರ ಬಾಯಿ ಅಂದರೆ ಸಿಂಹದ ಬಾಯಿ, ಹಲ್ಲಿನ ನಡುವೆ ಆನೆ ಸಿಕ್ಕಿಕೊಂಡಿದೆ. ಈ ತೋಪಿಗೆ ಬತ್ತಿ ಹಚ್ಚುತ್ತಿದ್ದವನು ಸದ್ದಿಗೆ ಕಿವಿ ಒಡೆಯಬಾರದು ಅಂತ ತಕ್ಷಣ ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದನಂತೆ. ಹಳಬರು ಹೇಳುವ ಮಾತು. ನನಗೆ ಆ ಮನುಷ್ಯನ ಮೇಲೆ ಭಾಳ ಅಭಿಮಾನ. ನಮ್ಮ ಕಟ್ಟೆಯ ಪಕ್ಕದಲ್ಲೂ ಅಂಥದ್ದೊಂದು ತೊಟ್ಟಿ ಇದ್ದಿದ್ದರೆ "ಕಾಕಾ, ಗಾಡಿ ಕೊಡಂಗಿಲ್ರಿ" ಅಂದು ಮುಳುಗಿಬಿಡುತ್ತಿದ್ದೆ. ಅವರು ಎದ್ದು ಹೋದ ಮೇಲೆ ಹೊರಗೆ ಬಂದರಾಯಿತು.

ತೊಟ್ಟಿ ಇಲ್ಲವಲ್ಲ. ಅಭ್ಯಾಸವೇ ಗತಿ. ಅದಕ್ಕೆ ಅವಕಾಶವೂ ಸಿಕ್ಕಿತು. ಧಾರವಾಡದಿಂದ ತಂಗಿಯ ಮಕ್ಕಳು ಬಂದಿದ್ದರು. ನಮ್ಮ ಊರಿಗೆ ಯಾರೇ ಬಂದರೂ ಗೋಲಗುಮ್ಮಟ ತೋರಿಸುವ ಕೆಲಸ ತಪ್ಪುವುದಿಲ್ಲ. ಮೂಲೆಯ ಮಿನಾರಿನ ಕಿರಿದಾದ ಮೆಟ್ಟಿಲು ಹತ್ತಿ, ಮಂಡಿ ಹಿಡಿದುಕೊಂಡು, ಗುಮ್ಮಟದ ಒಳಗಿನ ಮೊಗಸಾಲೆಗೆ ಹೋದೆವು. ಮೊಹಮ್ಮದ್ ಆದಿಲ್ ಶಾಹನ ಈ ಗೋರಿ ಮುಗಿದದ್ದು 1656ರಲ್ಲಿ. ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್. ಗೋಡೆಗೆ ಬಾಯಿ ಹಚ್ಚಿ ಇಲ್ಲಿ ಪಿಸುಗುಟ್ಟಿದರೆ ಎದುರು ಬದಿಗೆ ಗೋಡೆಗೆ ಕಿವಿ ಹಚ್ಚಿದವರಿಗೆ ಕೇಳಿಸುತ್ತದೆ. ಆದರೆ ಕೇಳುವವರು ಯಾರು? ಹೋದವರೆಲ್ಲ ಕೂಗುತ್ತಾರೆ, ಸಿಳ್ಳೆ ಹಾಕುತ್ತಾರೆ. ಆ ಹೊತ್ತಿಗೆ ಯಾವುದೋ ಶಾಲೆಯ ಪ್ರವಾಸದ ಮಕ್ಕಳ ಗದ್ದಲ ಬೇರೆ. ಇದೇ ಸರಿಯಾದ ಸಮಯ ಅನಿಸಿತು. ಈ ಸಂತೆಯಲ್ಲಿ ನನ್ನ ಮಾತು ಯಾರಿಗೆ ಕೇಳೀತು? ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿ, ಕಟ್ಟೆಯ ಮೇಲೆ ಕೂತ ಕಾಕಾನನ್ನು ನೆನೆಸಿಕೊಂಡು, ಉಸಿರು ಎಳೆದುಕೊಂಡೆ.

ಅದೇ ಗಳಿಗೆಗೆ ಎದುರು ಬದಿಯಲ್ಲಿ ಅವರ ಮಾಸ್ತರು "ಎಲ್ಲಾರೂ ಸುಮ್ನ ನಿಂದರ್ರಿ, ಗ್ವಾಡಿಗಿ ಕಿವಿ ಹಚ್ಚರಿ!" ಅಂದಿದ್ದಾರೆ. ಕಣ್ಣು ಮುಚ್ಚಿದ್ದ ನನಗೆ ಗದ್ದಲ ನಿಂತದ್ದು ಗೊತ್ತಾಗುವಷ್ಟರಲ್ಲಿ ಮಾತು ಬಾಯಿ ಬಿಟ್ಟಿತ್ತು.

"ಕಾಕಾ, ಗಾಡಿ ಕೊಡಂಗಿಲ್ರಿ."

ಒಂದು ಕ್ಷಣ ಪೂರಾ ನಿಶ್ಶಬ್ದ. ಆಮೇಲೆ ಗೋಡೆಯೊಳಗಿಂದ, ನನ್ನ ಕಿವಿಯ ಪಕ್ಕದಲ್ಲೇ, ಸಣ್ಣ ಹುಡುಗನ ದನಿ: "ಯಾಕ್ರೀ?"

ಇಲ್ಲೇ ನನ್ನ ಹಣೆಬರಹ ನೋಡಿ. ಗುರುತಿಲ್ಲದ ಹುಡುಗ. ಮುಖ ಕಾಣುವುದಿಲ್ಲ. ಅವನಿಗೆ ನಾನು ಗಾಡಿಯನ್ನೂ ಕೊಡಬೇಕಾಗಿಲ್ಲ, ಉತ್ತರವನ್ನೂ ಕೊಡಬೇಕಾಗಿಲ್ಲ. ಆದರೂ ನನ್ನ ಬಾಯಿ ತಗ್ಗಿದ ದನಿಯಲ್ಲಿ ಹೇಳಿತು: "ಪೆಟ್ರೋಲ್ ಇಲ್ಲಪಾ."

ಮುಂದಿನದನ್ನು ನೀವೇ ಊಹಿಸಿಕೊಳ್ಳಬಹುದು. ಶಾಲೆಗೆ ಶಾಲೆಯೇ "ಪೆಟ್ರೋಲ್ ಇಲ್ಲ! ಪೆಟ್ರೋಲ್ ಇಲ್ಲ!" ಅಂತ ಕೂಗಿತು. ಗೋಲಗುಮ್ಮಟ ಒಂದು ಮಾತನ್ನು ಒಂದೇ ಸಲ ಹೇಳಿ ಬಿಡುವ ಕಟ್ಟಡವಲ್ಲ, ಏಳೆಂಟು ಸಲ ಹೇಳುತ್ತದೆ. ನನ್ನ ತಂಗಿಯ ಮಕ್ಕಳೂ ಆ ಕಡೆ ಸೇರಿಕೊಂಡರು. ಇಳಿಯುವಾಗ ಮೆಟ್ಟಿಲಿನಲ್ಲಿ ಮಾಸ್ತರು ಸಿಕ್ಕರು. ಬಹಳ ಮರ್ಯಾದಸ್ಥರು. "ಸರ, ಇಲ್ಲೇ ಮುಂದ ಪಂಪ್ ಐತ್ರಿ" ಅಂದರು.

ನಗು ಬರುತ್ತದೆ, ಸಿಟ್ಟೂ ಬರುತ್ತದೆ. ಈ ಬುದ್ಧಿ ನನಗೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಯಾರ ಹತ್ತಿರವೂ ಏನೂ ಇಸಗೊಳ್ಳಬಾರದು, ಕೇಳಿದವರಿಗೆ ಇಲ್ಲ ಅನ್ನಬಾರದು: ಇದು ನಮ್ಮ ಅಪ್ಪನ ಕಾನೂನು. ಇದರಲ್ಲಿ ನಮಗೆ ಲಾಭ ಎಲ್ಲಿದೆ ಅಂತ ಅವರು ಯಾವತ್ತೂ ಯೋಚಿಸಿದಂತಿಲ್ಲ. ಅಪ್ಪನ ಸೈಕಲ್ಲನ್ನು ಓಣಿಯವರೆಲ್ಲ ಹೊಡೆಯುತ್ತಿದ್ದರು, ಅಪ್ಪ ನಡೆದು ಹೋಗುತ್ತಿದ್ದರು. ನಾನು ಸಣ್ಣವನಿದ್ದಾಗ ಒಂದು ರಾತ್ರಿ ಜ್ವರ ಜಾಸ್ತಿಯಾಗಿ, ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ದವಾಖಾನೆಗೆ ನಡೆದರು. ದಾರಿಯಲ್ಲಿ ಒಂದು ಮನೆಯ ಮುಂದೆ ನಮ್ಮ ಸೈಕಲ್ ನಿಂತಿತ್ತು. ಬೀದಿ ದೀಪಕ್ಕೆ ಅದರ ಗಂಟೆ ಹೊಳೆಯಿತು. ನಾನು ನೋಡಿದೆ. ಅಪ್ಪನೂ ನೋಡಿರಬೇಕು. ಆದರೆ ನಡಿಗೆ ನಿಲ್ಲಿಸಲಿಲ್ಲ. ಅವರು ಮಲಗಿರುತ್ತಾರೆ, ಎಬ್ಬಿಸುವುದು ಹೇಗೆ ಅಂದುಕೊಂಡರೋ ಏನೋ. ಕೇಳಬೇಕು ಅಂದುಕೊಂಡಿದ್ದೆ, ಕೇಳಲಿಲ್ಲ. ಈಗ ಕೇಳಲು ಅವರಿಲ್ಲ.

ನನ್ನ ಹೆಂಡತಿ ಬೇರೆ ಕಾನೂನಿನ ಮನೆಯಿಂದ ಬಂದವಳು. ಕಳೆದ ಭಾನುವಾರ ಕಾಕಾ ಬಂದು ಮಂಡಿ ಮುಗಿಸಿ, ಜೋಳ ಮುಗಿಸಿ, ಬೆರಳು ತಿರುವಲು ಕೈ ಎತ್ತಿದ್ದರು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. "ಕಾಕಾ, ಇವತ್ತ ಗಾಡಿ ಇಲ್ರಿ. ನಮಗ ಬೇಕಾಗೈತಿ" ಅಂತ ಒಳಗಿನಿಂದಲೇ ಹೇಳಿದಳು. ಸದ್ದು ಮತ್ತೆ ಶುರುವಾಯಿತು. ಭೂಮಿ ಬಿರಿಯುತ್ತದೆ ಅಂತ ನಾನು ಕಟ್ಟೆ ಗಟ್ಟಿಯಾಗಿ ಹಿಡಿದುಕೊಂಡೆ. ಕಾಕಾ "ಆತ ಬಿಡವಾ" ಅಂದರು. ಅಷ್ಟೇ! ಸಿಟ್ಟಿಲ್ಲ, ಬೇಜಾರಿಲ್ಲ. ಬಿಸಿ ರೊಟ್ಟಿ ತಿಂದು, ಚಾ ಕುಡಿದು, ಪಕ್ಕದ ಮನೆಯ ಕಟ್ಟೆಗೆ ಹೋಗಿ ಕೂತರು. ಅಲ್ಲಿ ಆ ಮನೆಯವರ ಬೆನ್ನುನೋವಿನ ವಿಚಾರಣೆ ಶುರುವಾಯಿತು. ಅದು ನನಗೆ ಸ್ವಲ್ಪ ಚುಚ್ಚಿತು, ಸುಳ್ಳು ಯಾಕೆ ಹೇಳಲಿ.

ಇಲ್ಲ ಅನ್ನಿಸಿಕೊಂಡು ಇಷ್ಟು ಆರಾಮಾಗಿ ರೊಟ್ಟಿ ತಿನ್ನುವ ಮನುಷ್ಯ ನಮ್ಮ ಓಣಿಯಲ್ಲಿ ಇನ್ನೊಬ್ಬರಿಲ್ಲ. ಯಾರೋ ಇಲ್ಲ ಅಂದಾರು ಅಂತ, ನನ್ನಿಂದ ಸಾಲ ಇಸಗೊಂಡವರನ್ನೂ ನಾನು ಕೇಳಲು ಹೋಗುವುದಿಲ್ಲ.

ನಿನ್ನೆ ಸಂಜೆ ಹೆಂಡತಿ ಸಿದ್ಧೇಶ್ವರ ಗುಡಿಗೆ ಹೋಗಿದ್ದಳು. ಕಾಕಾ ಬಂದರು. ಕಟ್ಟೆಯ ಮೇಲೆ ಕೂರಲಿಲ್ಲ, ಮಂಡಿಯ ಸುದ್ದಿ ತೆಗೆಯಲಿಲ್ಲ, ಮೊಳೆಯ ಕಡೆ ನೋಡಲೂ ಇಲ್ಲ. ನಾನು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡು ನಿಂತಿದ್ದೆ.

"ಗಾಡಿ ಬ್ಯಾಡ್ರಿ ಸರ, ಪಕ್ಕದ ಮನಿಯವರದು ಸಿಕ್ಕೈತಿ," ಅಂದರು. "ಚೌಕಿನ್ಯಾಗ ಪೊಲೀಸರು ನಿಂತಾರಂತ. ನಿಮ್ಮ ಹೆಲ್ಮೆಟ್ ಒಂದ್ ಐದ್ ಮಿನಿಟ್ ಕೊಡ್ರಲ್ಲ."

"ಹೂಂ, ಒಯ್ರಿ ಒಯ್ರಿ," ಅಂದೆ.