ಐದು ತೂತು, ಒಂದು ಸೌಟು ಪಾಯಸ

ಕಳೆದ ತಿಂಗಳು ಉಡುಪಿಯಲ್ಲಿ ಭಾವನ ಮಗಳ ಮದುವೆಯ ಊಟಕ್ಕೆ ಕುಳಿತಿದ್ದಾಗ, ಬಡಿಸುತ್ತಿದ್ದ ಚಿಕ್ಕಪ್ಪ ನನ್ನ ಎಲೆಯ ಮುಂದೆ ನಿಂತು, "ನಿನ್ನದು ತೂತಿನ ಆಪರೇಷನ್ ಅಲ್ಲವಾ ಮಾರಾಯ, ಒಂದು ಸೌಟು ಪಾಯಸದಿಂದ ಎಂಥ ಆಗುತ್ತದೆ?" ಎಂದರು. ತೂಕ ಇಳಿಸಲೆಂದು ನಾಲ್ಕು ತಿಂಗಳ ಹಿಂದೆ ಮುಂಬಯಿಯಲ್ಲಿ ನನ್ನ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದಿದ್ದಾರೆಂಬುದು ಅವರಿಗೆ ಗೊತ್ತಿತ್ತು. ಆದರೆ ಹೊರಗೆ ಉಳಿದದ್ದು ಐದು ಪುಟ್ಟ ಕಲೆಗಳು ಮಾತ್ರ.

ನಮ್ಮೂರಿನಲ್ಲಿ ಆಪರೇಷನ್ನಿನ ತೂಕವನ್ನು ಹೊಲಿಗೆಯ ಉದ್ದದಿಂದ ಅಳೆಯುತ್ತಾರೆ. 1980ರ ದಶಕದಲ್ಲಿ ಅಲ್ಸರಿಗೆಂದು ಎದೆಗೂಡಿನ ಕೆಳಗಿನಿಂದ ಹೊಕ್ಕುಳದವರೆಗೆ ಕೊಯ್ಸಿಕೊಂಡಿದ್ದ ದೊಡ್ಡಪ್ಪನಿಗೆ ಮೂರು ತಿಂಗಳು ಕುಚ್ಚಲಕ್ಕಿ ಗಂಜಿ ಬಿಟ್ಟು ಬೇರೇನನ್ನೂ ಯಾರೂ ಒತ್ತಾಯಿಸಲಿಲ್ಲ. ಬಂದವರಿಗೆಲ್ಲ ಅವರು ಬನಿಯನ್ ಎತ್ತಿ ಗೆರೆ ತೋರಿಸುತ್ತಿದ್ದರು.

ನನಗೆ ಸಿಟ್ಟು ಬರುವುದು ಈ ಲೆಕ್ಕಕ್ಕೆ. ಸಣ್ಣ ತೂತುಗಳ ಮೂಲಕ ಮಾಡುವ ಈ ಕೀಹೋಲ್ ವಿಧಾನದಲ್ಲಿ ಚಿಕ್ಕದಾಗುವುದು ಒಳಗೆ ಹೋಗುವ ದಾರಿ, ಒಳಗಿನ ಕೆಲಸವಲ್ಲ. ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿಸಿ ಉಬ್ಬಿಸಿ, ಕ್ಯಾಮೆರಾ ನೋಡುತ್ತ, ಜಠರವನ್ನು ಉದ್ದುದ್ದಕ್ಕೆ ಸ್ಟೇಪ್ಲರಿನಿಂದಲೇ ಕತ್ತರಿಸಿ ಮುಚ್ಚುತ್ತಾರೆ. ಆ ಪಿನ್ನುಗಳ ಸಾಲು ನನ್ನ ಐದೂ ಕಲೆಗಳನ್ನು ಕೂಡಿಸಿದರೂ ಅದಕ್ಕಿಂತ ಉದ್ದ. 1966ರಲ್ಲಿ ಅಮೆರಿಕದ ಶಸ್ತ್ರವೈದ್ಯ ಎಡ್ವರ್ಡ್ ಮೇಸನ್ ತೂಕ ಇಳಿಸುವ ಇನ್ನೊಂದು ಆಪರೇಷನ್ನಾದ ಗ್ಯಾಸ್ಟ್ರಿಕ್ ಬೈಪಾಸ್ ಆರಂಭಿಸಿದಾಗಿನಿಂದ 1990ರ ದಶಕದವರೆಗೆ ಆ ಚಿಕಿತ್ಸೆಯನ್ನು ಹೊಟ್ಟೆ ತೆರೆದೇ ಮಾಡುತ್ತಿದ್ದರು. ದಪ್ಪ ಕೊಬ್ಬಿನ ಪದರದಲ್ಲಿ ಆ ಉದ್ದನೆಯ ಗಾಯ ಕೀವಾಗುವುದು, ಮುಂದೆ ಅಲ್ಲಿಯೇ ಹರ್ನಿಯಾ ಕಾಣಿಸಿಕೊಳ್ಳುವುದು ದೊಡ್ಡ ಕಾಟವಾಗಿತ್ತು. ಆ ಕಾಟ ತಪ್ಪಿತೆಂದರೆ ಪಾಯಸಕ್ಕೆ ಪರವಾನಗಿ ಸಿಕ್ಕಿತೆಂದು ಅರ್ಥವೇ?

ಹೊಟ್ಟೆ ತೆರೆದರೂ ತೂತಿನಲ್ಲಿ ಮಾಡಿದರೂ ತೂಕ ಇಳಿಯುವುದು ಹೆಚ್ಚುಕಡಿಮೆ ಒಂದೇ ಎಂಬುದನ್ನೂ, ಹಿಂದಿನ ಆಪರೇಷನ್ನುಗಳಿಂದ ಒಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಅಥವಾ ರಕ್ತಸ್ರಾವ ಕೈಮೀರಿದರೆ ಇಂದಿಗೂ ಹೊಟ್ಟೆ ತೆರೆಯಬೇಕಾಗಬಹುದು ಎಂಬುದನ್ನೂ ಒಪ್ಪುತ್ತೇನೆ; ನನ್ನಿಂದಲೂ ಅದಕ್ಕೆ ಮೊದಲೇ ಸಹಿ ಪಡೆದಿದ್ದರು. ಒಪ್ಪಬೇಕಾದದ್ದು ಇನ್ನೊಂದಿದೆ. ಮುಂಬಯಿ ಕೂಡ ಗಾಯವನ್ನೇ ಅಳೆಯುತ್ತದೆ. ಮೂರನೆಯ ದಿನ ಮನೆಗೆ ಕಳುಹಿಸಿದರು, ಹನ್ನೆರಡನೆಯ ದಿನ ನಾನು ಡೊಂಬಿವಲಿಯಿಂದ ಲೋಕಲಿನಲ್ಲಿ ನಿಂತೇ ಕಚೇರಿಗೆ ಹೋದೆ, ತೋರಿಸಲು ಏನೂ ಇಲ್ಲದವನಿಗೆ ಯಾರೂ ಸೀಟು ಬಿಡಲಿಲ್ಲ. ಮದುವೆಯ ದಿನವಾದರೋ, ಚಿಕ್ಕಪ್ಪ ಪಾಯಸದ ಪಾತ್ರೆಯೊಂದಿಗೆ ಮುಂದೆ ಹೋದ ಮೇಲೆ, ಚಿಕ್ಕಮ್ಮ ಏನನ್ನೂ ಕೇಳದೆ ಅರ್ಧ ಲೋಟ ತಿಳಿಸಾರನ್ನು ಎಲೆಯ ಪಕ್ಕದಲ್ಲಿಟ್ಟು, ನಾನು ಅದನ್ನು ಗುಟುಕು ಗುಟುಕಾಗಿ ಮುಗಿಸುವವರೆಗೆ ಪಂಕ್ತಿ ಏಳದಂತೆ ನೋಡಿಕೊಂಡರು.